ಮಗು ಯಾರ ಪಾಲಿಗೆ?

ಕಾಲೇಜಿಗೆ ಸೇರಿದ ಮೊದಲ ವಾರ ನಾವೆಲ್ಲ ಎಷ್ಟು ಫಾರ್ಮ್ ತುಂಬಿದ್ವಿ ಅಂತ ನೆನಪಿದೆಯಾ? ಹಾಸ್ಟೆಲ್‌ದು, ಲೈಬ್ರರಿದು, ರ‍್ಯಾಗಿಂಗ್ ಮಾಡಲ್ಲ ಅನ್ನೋ ಮುಚ್ಚಳಿಕೆ. ಎಲ್ಲದರ ಕೊನೆಯಲ್ಲೂ ‘ತಂದೆ / ಪೋಷಕರ ಸಹಿ’ ಅಂತ ಒಂದು ಗೆರೆ. ನಮಗೆ ಅದು ಅರ್ಧ ನಿಮಿಷದ ಕೆಲಸ. ಆದರೆ ನಮ್ಮ ಗೆಳೆಯನೊಬ್ಬ ಪೆನ್ ಹಿಡಿದು ತುಂಬಾ ಹೊತ್ತು ಸುಮ್ಮನೆ ಕೂತಿದ್ದ. ಅವನ ಅಪ್ಪ ಅಮ್ಮ ಬೇರೆಯಾಗಿ ಎಂಟು ವರ್ಷ ಆಗಿದೆ. “ಯಾರ ಹತ್ರ ಸಹಿ ಹಾಕಿಸಿದ್ರೂ ಇನ್ನೊಬ್ರಿಗೆ ಬೇಜಾರಾಗುತ್ತೆ ಕಣ್ರೋ” ಅಂದ.

ನಮಗೀಗ 18 ದಾಟಿದೆ. ಕಾನೂನಿನ ಪ್ರಕಾರ ನಮಗೆ ಗಾರ್ಡಿಯನ್ ಬೇಕಾಗಿಯೇ ಇಲ್ಲ. ಆದರೂ ಅವನ ಮಾತು ತಲೆಯಲ್ಲಿ ಉಳೀತು. ಬೇರೆಯಾದ ಅಪ್ಪ ಅಮ್ಮನ ಮಕ್ಕಳ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತೆ, ಅದರಲ್ಲಿ ಏನು ಬದಲಾಗಬೇಕು ಅಂತ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಎರಡು ಪದ

ಕಸ್ಟಡಿ ಅಂದ ಕೂಡಲೇ ನಮಗೆ ಪೊಲೀಸ್ ಸ್ಟೇಷನ್ ನೆನಪಾಗುತ್ತೆ. ಇಲ್ಲಿ ಅದರ ಅರ್ಥ, ಮಗು ದಿನನಿತ್ಯ ಯಾರ ಜೊತೆ ಇರುತ್ತೆ ಅನ್ನೋದು. ಗಾರ್ಡಿಯನ್‌ಶಿಪ್, ಅಂದರೆ ಪಾಲಕತ್ವ, ಬೇರೆ. ಮಗುವಿನ ಪರವಾಗಿ ಸಹಿ ಹಾಕೋದು, ಅದರ ಆಸ್ತಿ ನೋಡಿಕೊಳ್ಳೋದು, ದೊಡ್ಡ ನಿರ್ಧಾರಗಳನ್ನು ತೆಗೆದುಕೊಳ್ಳೋದು ಇದರಲ್ಲಿ ಬರುತ್ತೆ. ಹಾಗಾಗಿ ಮಗು ಅಮ್ಮನ ಜೊತೆ ಇದ್ದರೂ ಪಾಲಕ ಅಪ್ಪನೇ ಆಗಿರಬಹುದು.

ಕಾನೂನು ಏನನ್ನುತ್ತೆ?

ಬ್ರಿಟಿಷರ ಕಾಲದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಇದರ ಜೊತೆಗೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1956ರಲ್ಲಿ ಇನ್ನೊಂದು ಕಾಯ್ದೆ ಬಂತು. ಅದರ 6ನೇ ಸೆಕ್ಷನ್ ಪ್ರಕಾರ ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಆದರೆ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಅಂದರೆ ಸಾಕೋಕೆ ಅಮ್ಮ, ಸಹಿಗೆ ಅಪ್ಪ! ಅದೇ ಕಾಯ್ದೆಯ 13ನೇ ಸೆಕ್ಷನ್ ಮಾತ್ರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅನ್ನುತ್ತೆ. ಕಸ್ಟಡಿ ತೀರ್ಮಾನಿಸುವಾಗ ಕೋರ್ಟುಗಳು ಹಿಡಿಯೋದು ಇದನ್ನೇ.

ಆ ‘ನಂತರ’ ಅನ್ನೋ ಪದದ ಮೇಲೆ ಒಂದು ದೊಡ್ಡ ಕೇಸೇ ನಡೆಯಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಲ್ಲಿ ಬಾಂಡ್ ಕೊಳ್ಳಲು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು. ಪಾಲಕಿ ಅಂತ ತಾವೇ ಸಹಿ ಮಾಡಿದ್ದರು. ಬ್ಯಾಂಕು ತಂದೆಯ ಸಹಿ ಕೇಳಿತು. 1999ರಲ್ಲಿ ಸುಪ್ರೀಂ ಕೋರ್ಟ್, ‘ನಂತರ’ ಅಂದರೆ ತಂದೆ ಸತ್ತ ಮೇಲೆ ಅಂತಲೇ ಅಲ್ಲ, ತಂದೆಯ ಗೈರುಹಾಜರಿಯಲ್ಲಿ ಅಂತ ಅರ್ಥ ಮಾಡಬೇಕು ಎಂದಿತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿ. ದೊಡ್ಡ ಹೆಜ್ಜೆ, ನಿಜ. ಆದರೆ ಇಬ್ಬರೂ ಹೊಣೆ ಹೊತ್ತಿದ್ದರೆ? ಆಗ ತಾಯಿ ಇನ್ನೂ ಎರಡನೆಯವಳೇ. ಕಾಯ್ದೆಯ ಪದ ಹಾಗೇ ಇದೆ.

ಗೆಲ್ಲೋದು, ಸೋಲೋದು

ಸಾಮಾನ್ಯವಾಗಿ ಒಬ್ಬರಿಗೆ ಕಸ್ಟಡಿ ಸಿಗುತ್ತೆ, ಇನ್ನೊಬ್ಬರಿಗೆ ಭೇಟಿಯ ಹಕ್ಕು: ವಾರಾಂತ್ಯದ ಕೆಲವು ಗಂಟೆ, ರಜೆಯಲ್ಲಿ ಕೆಲವು ದಿನ. ಹೀಗೆ ಸೋಲು ಗೆಲುವಿನ ಲೆಕ್ಕ ಬಂದಾಗ ಇನ್ನೊಬ್ಬರು ಕೆಟ್ಟವರು ಅಂತ ತೋರಿಸೋದೇ ಕೆಲಸವಾಗುತ್ತೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟ್ ಕೇಳಬಹುದು. ಮಗುವಿನ ಮಾತು ಕೇಳೋದು ಒಳ್ಳೆಯದೇ, ಆದರೆ ಕೇಳೋ ಪ್ರಶ್ನೆ ಯಾವುದು? ನಮ್ಮ ಗೆಳೆಯನಿಗೆ ಆಗ ಹನ್ನೊಂದು ವರ್ಷ. “ಯಾರ ಜೊತೆ ಇರ್ತೀಯಾ ಅಂದ್ರು. ಇಬ್ರ ಜೊತೆ ಅಂದೆ. ಯಾರೂ ಏನೂ ಮಾತಾಡ್ಲಿಲ್ಲ” ಅಂತ ಹೇಳಿದ.

ಬೇರೆ ದಾರಿ ಇದೆಯಾ?

ಇದೆ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ಕೇಸಲ್ಲಿ ಜಂಟಿ ಕಸ್ಟಡಿ ಕೊಟ್ಟಿತು. ಜನವರಿಯಿಂದ ಜೂನ್ ತನಕ ಹುಡುಗ ಅಪ್ಪನ ಜೊತೆ, ಜುಲೈಯಿಂದ ಡಿಸೆಂಬರ್ ತನಕ ಅಮ್ಮನ ಜೊತೆ. ಖರ್ಚು ಇಬ್ಬರದೂ.

2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತು. ಪಾಲಕತ್ವದಲ್ಲಿ ತಂದೆ ತಾಯಿ ಸಮಾನರಾಗಬೇಕು, ಜಂಟಿ ಕಸ್ಟಡಿಗೆ ಕಾಯ್ದೆಯಲ್ಲೇ ಜಾಗ ಇರಬೇಕು, ಜಗಳಕ್ಕೆ ಮೊದಲು ಮಧ್ಯಸ್ಥಿಕೆ ನಡೀಬೇಕು, ಓದು, ಆರೋಗ್ಯ, ರಜೆ, ಅಜ್ಜ ಅಜ್ಜಿಯ ಭೇಟಿ ಎಲ್ಲವನ್ನೂ ಮೊದಲೇ ಯೋಚಿಸಿ ಬರೆದಿಡಬೇಕು ಅಂತ ಹೇಳಿತು. ಇಷ್ಟು ವರ್ಷವಾದರೂ 6ನೇ ಸೆಕ್ಷನ್ ಬದಲಾಗಿಲ್ಲ.

ಹಾಗಂತ ಜಂಟಿ ಕಸ್ಟಡಿ ಎಲ್ಲರಿಗೂ ಮದ್ದಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಒಬ್ಬರು ಹುಬ್ಬಳ್ಳಿಯಲ್ಲಿ ಇನ್ನೊಬ್ಬರು ದುಬೈಯಲ್ಲಿ ಇದ್ದರೆ, ಮಗುವನ್ನು ಅರ್ಧರ್ಧ ಹಂಚೋದು ಹಿತವಲ್ಲ. ಆಯೋಗವೂ ಇದನ್ನು ಕಡ್ಡಾಯ ಮಾಡಿ ಅನ್ನಲಿಲ್ಲ. ಮಗುವಿಗೆ ಒಳ್ಳೆಯದಾಗುತ್ತೆ ಅನ್ನೋದಾದರೆ ಮಾತ್ರ ಕೊಡಬಹುದಾದ ಆಯ್ಕೆ ಅದು. ನಮಗೆ ಅನಿಸೋದಿಷ್ಟು: ಮಗು ಯಾರಿಗೆ ಸಿಗಬೇಕು ಅಂತ ಕೇಳೋ ಬದಲು, ಈ ಮಗುವಿಗೆ ಇಬ್ಬರಿಂದಲೂ ಏನೇನು ಸಿಗಬೇಕು ಅಂತ ಕಾನೂನು ಮೊದಲು ಕೇಳಲಿ.

ಅಂದಹಾಗೆ, ಆ ಫಾರ್ಮಿಗೆ ಗೆಳೆಯ ಅಮ್ಮನ ಸಹಿ ಹಾಕಿಸಿದ. ತುರ್ತು ಸಂಪರ್ಕ ಅಂತ ಇದ್ದ ಕಡೆ ಅಪ್ಪನ ನಂಬರ್ ಬರೆದ.