‘ಇವತ್ತು ಬೇಡ’ ಎನ್ನುವವರನ್ನು ಹುಡುಕಿ

ಮುರ್ಡೇಶ್ವರದ ಎದುರಿಗೆ, ತೀರದಿಂದ ಸುಮಾರು 19 ಕಿಲೋಮೀಟರ್ ಆಚೆ, ಸ್ಕೂಬಾ ಡೈವಿಂಗ್ ನಡೆಯುವ ನೇತ್ರಾಣಿ ದ್ವೀಪ ಇದೆ. ಹಾಗಾಗಿ ಸ್ಕೂಬಾ ಎಂಬುದು ನಮ್ಮ ಕಡೆಯ ಮನೆಗಳಿಗೂ ಈಗ ದೂರದ ಮಾತಲ್ಲ. ಅಲ್ಲಿ ಒಮ್ಮೆ ಮುಳುಗಿ ಎದ್ದವರು ಮುಂದಿನ ರಜೆಗೆ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಂದು ಲೆಕ್ಕ ಹಾಕತೊಡಗುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ನಾನು, ಹೆಂಡತಿ, ಮಗಳು, ಅವಳಿಗಿಂತ ಚಿಕ್ಕವನಾದ ಮಗ, ಹಲವು ಸಲ ಜೊತೆಗೆ ಅಮ್ಮ. ನಾನು ಡೈವಿಂಗ್ ಕಲಿಸುವವನಲ್ಲ. ಮಕ್ಕಳನ್ನು ಇನ್ನೊಬ್ಬರ ಕೈಗೊಪ್ಪಿಸಿ, ನೀರಿನ ಮೇಲೆ ಏಳುವ ಗುಳ್ಳೆಗಳನ್ನೇ ನೋಡುತ್ತ ಕಾದ ತಂದೆ. ಆ ಕಾಯುವಿಕೆಯಲ್ಲಿ ಮನಸ್ಸಿಗೆ ಬಂದ ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಕೇಳಬೇಕಿತ್ತು. ಈಗ ಕೇಳುತ್ತೇನೆ.

1. ಶಾಲೆಯ ರಜೆಗೂ ಸಮುದ್ರಕ್ಕೂ ಹೊಂದಾಣಿಕೆ ಇಲ್ಲ.

ನೇತ್ರಾಣಿಯ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದಲ್ಲಿ ಡೈವಿಂಗ್ ನಿಂತಿರುತ್ತದೆ. ಕ್ಯಾಲೆಂಡರ್ ನೋಡಿದರೆ ದಸರಾ ರಜೆ ಸರಿಯಾಗಿ ಹೊಂದುತ್ತದೆ ಎನಿಸುತ್ತದೆ, ನನಗೂ ಹಾಗೇ ಎನಿಸಿತ್ತು. ನಾವು ಹೋದಾಗ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಅಲೆ ಜೋರಿತ್ತು, ನೀರು ಹಸಿರಾಗಿ ಕಲಕಿತ್ತು. ಮಗಳಿಗೆ ಕಂಡದ್ದು ತನ್ನನ್ನು ಹಿಡಿದಿದ್ದ ಇನ್‌ಸ್ಟ್ರಕ್ಟರ್‌ನ ಕೈ ಮಾತ್ರ. ಡಿಸೆಂಬರ್ ಹೊತ್ತಿಗೆ ಅದೇ ಜಾಗದಲ್ಲಿ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ದೂರದಿಂದಲೇ ಕಾಣುತ್ತದೆ. ಈಗ ನಾನು ‘ಹಂಗಾಮು ಶುರುವಾಗಿದೆಯೇ?’ ಎಂದು ಕೇಳುವುದಿಲ್ಲ, ‘ಈ ವಾರ ಎಷ್ಟು ಮೀಟರ್ ದೂರ ಕಾಣುತ್ತಿದೆ?’ ಎಂದು ಕೇಳುತ್ತೇನೆ. ದಿನವೂ ನೀರಿಗಿಳಿಯುವವರು ತಕ್ಷಣ ಉತ್ತರ ಕೊಡುತ್ತಾರೆ. ‘ಸೂಪರ್ ಇದೆ ಸರ್, ಬನ್ನಿ’ ಎನ್ನುವವರು ಬುಕಿಂಗ್ ಏಜೆಂಟರಿರಬಹುದು.

ಅಂಡಮಾನ್‌ನಲ್ಲಿ ಕ್ರಿಸ್‌ಮಸ್ ವಾರ ನೀರು ಚೆನ್ನಾಗಿರುತ್ತದೆ, ಜನಸಂದಣಿ ವಿಪರೀತ. ಮಕ್ಕಳಿಗೆ ಬೇಕಾದ ಸಾವಧಾನ ಆಗ ಯಾರಲ್ಲೂ ಉಳಿದಿರುವುದಿಲ್ಲ. ಸಾಧ್ಯವಿದ್ದರೆ ಜನವರಿಯ ಉದ್ದನೆಯ ವಾರಾಂತ್ಯಕ್ಕೆ ಶಾಲೆಯ ರಜೆ ಒಂದೆರಡು ದಿನ ಸೇರಿಸಿಕೊಳ್ಳುವುದು ವಾಸಿ.

2. ವಯಸ್ಸಿನ ನಿಯಮದಲ್ಲಿ ರಿಯಾಯಿತಿ ಕೊಡುವವರಿಂದ ದೂರವಿರಿ.

ಇದನ್ನು ಬರೆಯಲು ಕಷ್ಟವಾಗುತ್ತದೆ. ಆದರೂ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಡೈವಿಂಗ್ ತರಬೇತಿಯ ಪ್ಯಾಡಿ (PADI) ಸಂಸ್ಥೆಯ ನಿಯಮದಂತೆ ಸಮುದ್ರದಲ್ಲಿ ‘ಡಿಸ್ಕವರ್ ಸ್ಕೂಬಾ’ ಮಾಡಲು ಕನಿಷ್ಠ 10 ವರ್ಷ ತುಂಬಿರಬೇಕು, ಹೆಚ್ಚೆಂದರೆ 12 ಮೀಟರ್ ಆಳ. 8 ವರ್ಷದವರಿಗೆ ‘ಬಬಲ್‌ಮೇಕರ್’ ಇದೆ, ಅದು ಈಜುಕೊಳದಂಥ ಶಾಂತ ನೀರಿನಲ್ಲಿ, 2 ಮೀಟರ್ ಆಳದೊಳಗೆ. ಮಗನಿಗೆ ಆಗಿನ್ನೂ 10 ತುಂಬಿರಲಿಲ್ಲ. ಅಕ್ಕನ ಜೊತೆ ತಾನೂ ಇಳಿಯಬೇಕೆಂದು ಹಟ ಹಿಡಿದ. ಮೊದಲು ವಿಚಾರಿಸಿದ ಕಡೆ ಹುಟ್ಟಿದ ದಿನಾಂಕ ಕೇಳಿ ‘ಆಗುವುದಿಲ್ಲ’ ಎಂದರು. ಇಷ್ಟು ದೂರ ಬಂದಿದ್ದೇವೆ, ಹುಡುಗ ಚೆನ್ನಾಗಿ ಈಜುತ್ತಾನೆ ಎಂದು ವಾದಿಸಿದೆ. ಅವರು ಜಗ್ಗಲಿಲ್ಲ. ಅದೇ ಕಡಲದಂಡೆಯಲ್ಲಿ ಇನ್ನೊಬ್ಬರು ಮರುಮಾತಿಲ್ಲದೆ ಒಪ್ಪಿಕೊಂಡರು.

ಮೂರು ಮೀಟರ್ ಇಳಿಯುವಷ್ಟರಲ್ಲಿ ಹುಡುಗ ಕಿವಿ ಹಿಡಿದುಕೊಂಡು ಒದ್ದಾಡಿದ. ಮೇಲೆ ಬಂದಾಗ ಅಳುತ್ತಿದ್ದ, ಊರಿಗೆ ಬಂದ ಮೇಲೂ ಕಿವಿನೋವು ಎನ್ನುತ್ತಿದ್ದ. ಇಎನ್‌ಟಿ ವೈದ್ಯರು ವಿವರಿಸಿದ ಮೇಲೆ ಕಾರಣ ತಿಳಿಯಿತು. 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಆ ಬದಲಾವಣೆ ಕಿವಿಗೆ ಹೆಚ್ಚು ತಟ್ಟುವುದು ಮೊದಲ ಕೆಲವು ಮೀಟರ್‌ಗಳಲ್ಲೇ. ದೊಡ್ಡವರು ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಸರಿಮಾಡಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಲ್ಲಿ ಮೂಗು-ಕಿವಿಗಳ ನಡುವಿನ ನಾಳ ಕಿರಿದು, ನೆಗಡಿಯಿದ್ದರೆ ಕಟ್ಟಿಕೊಂಡೇ ಇರುತ್ತದೆ. ಅವನು ಮತ್ತೆ ಮಾಸ್ಕ್ ಹಾಕಿಕೊಳ್ಳಲು ಒಪ್ಪಿದ್ದು ಬಹಳ ಕಾಲದ ಮೇಲೆ. ಮೊದಲು ‘ಆಗುವುದಿಲ್ಲ’ ಎಂದವರ ಬಳಿಗೇ ಅವನನ್ನು ಕರೆದುಕೊಂಡು ಹೋದೆವು.

ಅಂದಿನಿಂದ ಯಾರನ್ನೇ ವಿಚಾರಿಸಿದರೂ ಒಂದು ಪ್ರಶ್ನೆ ತಪ್ಪಿಸುವುದಿಲ್ಲ: ‘ಇತ್ತೀಚೆಗೆ ಯಾರನ್ನಾದರೂ ವಾಪಸ್ ಕಳಿಸಿದ್ದೀರಾ, ಏಕೆ?’ ಒಳ್ಳೆಯವರ ಬಳಿ ಇದಕ್ಕೆ ಉತ್ತರ ಇದ್ದೇ ಇರುತ್ತದೆ.

3. ಆರೋಗ್ಯದ ಫಾರ್ಮನ್ನು ಮನೆಯಲ್ಲೇ ಓದಿ.

ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಧಾರಣೆ, ನಿತ್ಯ ತೆಗೆದುಕೊಳ್ಳುವ ಔಷಧಿ, ಎಲ್ಲವನ್ನೂ ಆ ಫಾರ್ಮು ಕೇಳುತ್ತದೆ. ಕೆಲವು ಪ್ರಶ್ನೆಗಳಿಗೆ ‘ಹೌದು’ ಎಂದರೆ ವೈದ್ಯರ ಸಹಿ ಇಲ್ಲದೆ ನೀರಿಗಿಳಿಯುವಂತಿಲ್ಲ. ಸಣ್ಣ ದ್ವೀಪದಲ್ಲಿ, ಬೋಟು ಹೊರಡುವ ಹೊತ್ತಿಗೆ, ಆ ಸಹಿ ಎಲ್ಲಿ ಸಿಗಬೇಕು? ಆಗ ‘ಇಲ್ಲ ಎಂದು ಬರೆದುಬಿಡಿ ಸರ್’ ಎನ್ನುವ ದನಿ ಪಕ್ಕದಿಂದ ಬರುತ್ತದೆ. ಆ ಮಾತು ಕೇಳಿದ ತಕ್ಷಣ ಅಲ್ಲಿಂದ ಎದ್ದು ಬರಬೇಕು. ಮಗಳಿಗೆ ಚಿಕ್ಕಂದಿನಲ್ಲಿ ವೀಜಿಂಗ್ ಇತ್ತು. ಫಾರ್ಮನ್ನು ಮೊದಲೇ ತರಿಸಿಕೊಂಡು ನಮ್ಮ ಮಕ್ಕಳ ವೈದ್ಯರಿಗೆ ತೋರಿಸಿ, ಉಸಿರಾಟದ ಪರೀಕ್ಷೆ ಮಾಡಿಸಿ ಸಹಿ ಪಡೆದೆವು. ಫಾರ್ಮನ್ನೇ ಕೊಡದೆ ‘ಮಕ್ಕಳಿಗೆ ಅದೆಲ್ಲ ಬೇಡ’ ಎನ್ನುವ ಜಾಗಗಳೂ ಇವೆ. ಅಲ್ಲಿಗೆ ಹೋಗಬೇಡಿ.

4. ಪಾಠ ಮಗುವಿಗೆ ತಿಳಿಯುವ ಭಾಷೆಯಲ್ಲಿ ಆಗಲಿ.

ಸ್ಕೂಬಾದ ಮೊದಲ ನಿಯಮ: ಉಸಿರು ಬಿಗಿಹಿಡಿಯಬಾರದು. ನಮ್ಮ ಮಕ್ಕಳು ಈಜು ಕಲಿಯುವಾಗ ಕಲಿತದ್ದು ಇದಕ್ಕೆ ತದ್ವಿರುದ್ಧ. ನೀರಿನೊಳಗೆ ಹೋದರೆ ಉಸಿರು ಕಟ್ಟು ಎಂದು ನಾವೇ ಹೇಳಿಕೊಟ್ಟಿರುತ್ತೇವೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶಕ್ಕೆ ಪೆಟ್ಟು, ಅದೂ ಒಂದೆರಡು ಮೀಟರ್ ಆಳದಿಂದ ಎದ್ದರೂ ಸಾಕು. ಇಂಗ್ಲಿಷ್, ಹಿಂದಿ ಬೆರೆಸಿ ಹೇಳಿದ್ದಕ್ಕೆಲ್ಲ ಮಗಳು ತಲೆಯಾಡಿಸಿದ್ದಳು. ಆಮೇಲೆ ನಾನು ಕನ್ನಡದಲ್ಲಿ ಕೇಳಿದರೆ, ‘ಭಯ ಆದರೆ ಉಸಿರು ಹಿಡ್ಕೋಬೇಕು’ ಎಂದಳು. ಇನ್‌ಸ್ಟ್ರಕ್ಟರ್ ಅದನ್ನು ಕೇಳಿ ಬೋಟು ನಿಲ್ಲಿಸಿಕೊಂಡು ಮೊದಲಿನಿಂದ ಪಾಠ ಮಾಡಿದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ.

ಕೈಸನ್ನೆಗಳನ್ನೂ ಮನೆಯಲ್ಲೇ ಆಡಿಸಿ. ಹೆಬ್ಬೆರಳೆತ್ತಿದರೆ ನಮ್ಮ ಮಕ್ಕಳಿಗೆ ‘ಭೇಷ್’, ನೀರಿನೊಳಗೆ ಅದರರ್ಥ ‘ಮೇಲೆ ಹೋಗೋಣ’. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಈ ವಿಷಯದಲ್ಲಿ ನೇತ್ರಾಣಿಗೆ ಇರುವ ದೊಡ್ಡ ಅನುಕೂಲವೆಂದರೆ ಕನ್ನಡ ಬಲ್ಲ ಇನ್‌ಸ್ಟ್ರಕ್ಟರ್ ಸಿಗುವುದು. ಬುಕ್ ಮಾಡುವಾಗಲೇ ಅಂಥವರನ್ನು ಕೇಳಿಕೊಳ್ಳಬಹುದು.

5. ಬೋಟಿನಲ್ಲಿ ನೆರಳಿದೆಯೇ, ಶೌಚಾಲಯ ಇದೆಯೇ?

ಮುರ್ಡೇಶ್ವರದಿಂದ ನೇತ್ರಾಣಿಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿ ತಲುಪಿದ ಮೇಲೆ ಪ್ರತಿಯೊಬ್ಬರ ಸರದಿ ಮುಗಿಯಬೇಕು. ಲಂಗರು ಹಾಕಿದ ಬೋಟು ತೂಗುತ್ತಲೇ ಇರುತ್ತದೆ. ವಾಂತಿ ಶುರುವಾಗುವುದು ಸಾಮಾನ್ಯವಾಗಿ ಆಗಲೇ. ಹೆಂಡತಿ ಒಂದು ಹನಿ ನೀರು ಕುಡಿಯದೆ ಇಡೀ ಬೆಳಗು ಕಳೆದಳು, ಏಕೆಂದರೆ ಬೋಟಿನಲ್ಲಿ ಶೌಚಾಲಯವಿರಲಿಲ್ಲ. ಡೈವ್ ಮಾಡುವವರಿಗೆ ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳುತ್ತಾರೆ. ಹೆಂಗಸರು ಹೀಗೆ ಬಾಯಾರಿ ಕೂರಬೇಕಾದ ಬೋಟನ್ನು ನಾನು ಗೊತ್ತು ಮಾಡಿದ್ದು ಸರಿಯಲ್ಲ. ಈಗ ಬೋಟಿನ ಫೋಟೊ ಕೇಳುತ್ತೇನೆ: ಚಾವಣಿ, ಶೌಚಾಲಯ, ಏರಿ ಬರಲು ಗಟ್ಟಿ ಏಣಿ. ಜೊತೆಗೆ ತುರ್ತು ಆಮ್ಲಜನಕದ ಸಿಲಿಂಡರ್ ಬೋಟಿನಲ್ಲೇ ಇದೆಯೇ, ದಡದ ಆಫೀಸಿನಲ್ಲಿದೆಯೇ ಎಂದೂ ಕೇಳುತ್ತೇನೆ. ವಾಂತಿ ತಡೆಯುವ ಮಾತ್ರೆ ಬೋಟು ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ, ಮಕ್ಕಳಿಗೆ ಯಾವುದು ಸರಿ ಎಂದು ವೈದ್ಯರೇ ಹೇಳಬೇಕು.

6. ರೆಸಾರ್ಟಿನ ಫೋಟೊ ಉಬ್ಬರದಲ್ಲಿ ತೆಗೆದದ್ದು.

ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರಿಟ್ಟರು. ಅಲ್ಲಿ ಡೈವ್ ಸೆಂಟರ್‌ಗಳು ಹೆಚ್ಚಾಗಿರುವುದು ಪೂರ್ವದ ಕಡೆ, 3 ಮತ್ತು 5ನೇ ನಂಬರಿನ ಬೀಚುಗಳ ಬಳಿ. ಅಲ್ಲಿ ಉಳಿದರೆ ಬೆಳಗ್ಗೆ ಎದ್ದು ನಡೆದೇ ಬೋಟಿಗೆ ಹೋಗಬಹುದು. ಆದರೆ ಇಳಿತದ ಹೊತ್ತಿಗೆ ಆ ತೀರದಲ್ಲಿ ನೀರು ಬಹುದೂರ ಹಿಂದೆ ಸರಿದು ಕಲ್ಲು, ಸತ್ತ ಹವಳ ಮೇಲೆದ್ದು ನಿಲ್ಲುತ್ತವೆ. ಫೋಟೊದಲ್ಲಿ ಕಂಡ ನೀಲಿ ನೀರಿನಲ್ಲಿ ಮಕ್ಕಳು ಸಂಜೆಯೆಲ್ಲ ಆಡುತ್ತಾರೆಂದು ನಾನು ನಂಬಿಕೊಂಡಿದ್ದೆ. ಕಾಲಿಗೆ ಚಪ್ಪಲಿಯಿಲ್ಲದೆ ಒಂದು ಹೆಜ್ಜೆ ಇಡಲಾಗಲಿಲ್ಲ. ಈಜಲು ಪಶ್ಚಿಮದ ರಾಧಾನಗರಕ್ಕೆ, ಅಂದರೆ 7ನೇ ನಂಬರಿನ ಬೀಚಿಗೆ, ದ್ವೀಪ ದಾಟಿಕೊಂಡು ಹೋಗಬೇಕಾಯಿತು. ನಮ್ಮ ತಾರೀಖುಗಳಿಗೆ ಉಬ್ಬರ-ಇಳಿತದ ಸಮಯ ಯಾವಾಗ ಎಂದು ನೋಡಿಕೊಂಡು ಬುಕ್ ಮಾಡಿದ್ದರೆ ಈ ಬೇಸರ ಇರುತ್ತಿರಲಿಲ್ಲ. ಅಂಡಮಾನ್‌ನ ಕೆಲವು ತೀರಗಳಲ್ಲಿ ಮೊಸಳೆಯ ಎಚ್ಚರಿಕೆಯ ಫಲಕಗಳಿರುತ್ತವೆ. ಅವು ಅಲಂಕಾರಕ್ಕೆ ನೆಟ್ಟವಲ್ಲ.

ಮಕ್ಕಳಿಗೆ ನೀರು ಇನ್ನೂ ಶಾಂತವಾಗಿರಬೇಕು ಎಂದರೆ ಲಕ್ಷದ್ವೀಪದ ಲಗೂನುಗಳಿವೆ, ಪರ್ಮಿಟ್ಟಿಗೆ ಮೊದಲೇ ಓಡಾಡಬೇಕು. ಮಾಲ್ಡೀವ್ಸ್‌ನಲ್ಲಿ ರೆಸಾರ್ಟಿನ ಪಕ್ಕದಲ್ಲೇ ಹವಳದ ದಿಬ್ಬ ಇದೆಯೇ ಎಂದು ಕೇಳಿ. ಇದ್ದರೆ ಡೈವ್ ಮಾಡದವರೂ ಮಾಸ್ಕ್ ಹಾಕಿಕೊಂಡು ದಡದಿಂದಲೇ ಮೀನು ನೋಡಬಹುದು. ದೂರದ ದ್ವೀಪಗಳಿಗೆ ಹೋಗುವ ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ಇಳಿಯುವ ವಿಮಾನ ಹಿಡಿದರೆ ಒಂದು ರಾತ್ರಿಯ ಬಾಡಿಗೆ ಮಾಲೆಯಲ್ಲಿ ಹೆಚ್ಚುವರಿ.

7. ನೀರಿಗಿಳಿಯದವರ ದಿನ ಹೇಗೆ ಕಳೆಯುತ್ತದೆ?

ಅಮ್ಮ ದೂರಲಿಲ್ಲ. ನಾವು ಬೋಟಿನಲ್ಲಿ ಹೋದ ಮೇಲೆ ಆಕೆ ರೂಮಿನಲ್ಲಿ ಒಬ್ಬರೇ ಕೂತಿದ್ದರು, ಮಧ್ಯಾಹ್ನ ತಿನ್ನುವಂಥದ್ದೇನೂ ಸಿಗದೆ ಬಿಸ್ಕತ್ತು ತಿಂದಿದ್ದರು ಎಂದು ನನಗೆ ತಿಳಿದದ್ದು ಮರುದಿನ. ರೆಸಾರ್ಟ್ ಆರಿಸುವಾಗ ನಾನು ಡೈವ್ ಸೆಂಟರ್ ಎಷ್ಟು ಹತ್ತಿರ ಎಂದಷ್ಟೇ ನೋಡಿದ್ದೆ. ಈಗ ಮೊದಲು ಅಮ್ಮನ ದಿನವನ್ನು ಯೋಚಿಸುತ್ತೇನೆ: ಅನ್ನ-ಸಾರಿನಂಥ ಊಟ ಸಿಗುತ್ತದೆಯೇ, ಮೆಟ್ಟಿಲು ಎಷ್ಟು, ಕೂತು ಸಮುದ್ರ ನೋಡಲು ನೆರಳಿದೆಯೇ, ಆಟೊ ಕರೆಸಿಕೊಡುತ್ತಾರೆಯೇ. ಒಂದು ದಿನ ಹೆಂಡತಿ ಮಕ್ಕಳ ಜೊತೆ ಇಳಿದರೆ ನಾನು ಅಮ್ಮನ ಜೊತೆ ಇರುತ್ತೇನೆ, ಮರುದಿನ ಅದಲು ಬದಲು. ಹಣ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ.

8. ಮಕ್ಕಳ ಅಳತೆಯ ಸಾಮಾನು.

ಸಡಿಲವಾದ ಮಾಸ್ಕಿನೊಳಗೆ ನೀರು ಬಂದರೆ ಮಗು ಹೆದರುತ್ತದೆ, ಅಲ್ಲಿಗೆ ಡೈವ್ ಮುಗಿಯಿತು. ಎತ್ತರ, ತೂಕ, ಪಾದದ ಅಳತೆ ಮೊದಲೇ ಕಳಿಸಿ. ನಮ್ಮ ಸಮುದ್ರ ಬೆಚ್ಚಗಿದ್ದರೂ ಮಕ್ಕಳ ಮೈ ಬೇಗ ತಣಿಯುತ್ತದೆ, ಮೈಗಂಟುವ ವೆಟ್‌ಸೂಟ್ ಬೇಕು. ಮಾಸ್ಕ್ ಮಾತ್ರ ನಾವೇ ಕೊಂಡುಕೊಂಡೆವು.

9. ಬ್ರೆಡ್ ಹಾಕಿ ಮೀನು ಕರೆಯುವವರಲ್ಲಿಗೆ ಮತ್ತೆ ಹೋಗಿಲ್ಲ.

ಕೆಲವು ಕಡೆ ಸ್ಕೂಬಾ ಎಂದರೆ ಫೋಟೊ ತೆಗೆಸಿಕೊಳ್ಳುವುದು. ಒಂದು ಕಡೆ ಮಗಳನ್ನು ಹವಳದ ಮೇಲೆ ಮಂಡಿಯೂರಿಸಿ ಕೂರಿಸಿದರು, ಪ್ಲಾಸ್ಟಿಕ್ ಕೊಟ್ಟೆ ಹರಿದು ಬ್ರೆಡ್ ಚೂರು ಚೆಲ್ಲಿ ಮೀನು ಮುತ್ತಿದಾಗ ಕ್ಲಿಕ್ಕಿಸಿದರು. ಹವಳ ಜೀವಂತ ಪ್ರಾಣಿ, ನಿಧಾನ ಬೆಳೆಯುತ್ತದೆ. ಅಂಡಮಾನ್‌ನ ಹವಳಗಳು 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡವು. ಅಂಥದ್ದರ ಮೇಲೆ ನನ್ನ ಮಗಳ ಮಂಡಿಯನ್ನು ಊರಿಸಬಾರದಿತ್ತು. ಒಬ್ಬ ಇನ್‌ಸ್ಟ್ರಕ್ಟರ್ ಒಂದು ಸಲಕ್ಕೆ ಎಷ್ಟು ಜನರನ್ನು ಕರೆದೊಯ್ಯುತ್ತಾರೆ, ನೀರಿನೊಳಗೆ ಎಷ್ಟು ನಿಮಿಷ ಎಂದು ಕೇಳಿದರೆ ಇಂಥ ಜಾಗ ಗುರುತಾಗುತ್ತದೆ. ಮೊದಲ ಸಲದ ಮಗುವಿಗೆ ಒಬ್ಬರೇ ಮೀಸಲಿರಬೇಕು.

10. ಘಟ್ಟ ಹತ್ತುವುದೂ ಲೆಕ್ಕಕ್ಕೆ ಬರುತ್ತದೆ.

ಡೈವ್ ಮುಗಿಸಿ ತಕ್ಷಣ ವಿಮಾನ ಹತ್ತಬಾರದೆಂದು ಬಹುತೇಕರಿಗೆ ಗೊತ್ತು. ರಕ್ತದಲ್ಲಿ ಕರಗಿದ ಸಾರಜನಕ ಒತ್ತಡ ತಗ್ಗಿದಾಗ ಗುಳ್ಳೆಯಾಗುವುದು ಇದಕ್ಕೆ ಕಾರಣ. ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವಂತೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡಬೇಕು. ನಾವು ಪೂರ್ತಿ ಒಂದು ದಿನ ಬಿಡುತ್ತೇವೆ. ಅಂಡಮಾನ್‌ನಲ್ಲಿ ಹವಾಮಾನ ಕೆಟ್ಟರೆ ಫೆರ್ರಿ ರದ್ದಾಗುವುದರಿಂದ ಆ ದಿನ ಹೇಗೂ ಬೇಕು.

ನನಗೆ ಬಹಳ ಕಾಲ ಹೊಳೆಯದ ಸಂಗತಿ ಬೇರೆ. ಆ ಸಲಹೆ ವಿಮಾನಕ್ಕೆ ಮಾತ್ರವಲ್ಲ, ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ಹೋಗುವ ಯಾವ ಪ್ರಯಾಣಕ್ಕೂ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ, ಸಂಜೆಯೇ ಕಾರಿನಲ್ಲಿ ಘಟ್ಟ ಹತ್ತಿ ಹೊರಡುವುದು ನಮ್ಮಲ್ಲಿ ರೂಢಿ. ಸಣ್ಣ ಆಳದ, ಸ್ವಲ್ಪ ಹೊತ್ತಿನ ಡೈವಿನಲ್ಲಿ ಅಪಾಯ ಕಡಿಮೆ ನಿಜ. ಆದರೂ ನಾವೀಗ ಆ ರಾತ್ರಿ ಕರಾವಳಿಯಲ್ಲೇ ತಂಗುತ್ತೇವೆ. ಮರುದಿನ ಬೆಳಗ್ಗೆ ಹೊನ್ನಾವರದ ಮೇಲೆ ಜೋಗದ ದಾರಿ ಹಿಡಿಯುತ್ತೇವೆ.

11. ‘ಬೇಡ’ ಎಂದರೆ ಹಣ ವಾಪಸ್ಸೇ?

ಏಣಿಯ ತುದಿಯಲ್ಲಿ ನಿಂತು ಮಗು ‘ನಾನು ಇಳಿಯಲ್ಲ’ ಎಂದಾಗ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ. ಕಟ್ಟಿದ ಹಣದ ನೆನಪು ತಂದೆ-ತಾಯಿಯ ದನಿಯಲ್ಲಿ ಕೇಳಿಬಿಡುತ್ತದೆ, ಮಗು ಅದಕ್ಕೆ ಹೆದರಿ ಇಳಿಯುತ್ತದೆ. ಹಾಗಾಗಿ ಹವಾಮಾನ ಕೆಟ್ಟರೆ, ನೆಗಡಿಯಾದರೆ, ಮನಸ್ಸು ಬದಲಾದರೆ ಏನು ಎಂಬ ಮೂರನ್ನೂ ಮುಂಗಡ ಕೊಡುವ ಮೊದಲು ಬರಹದಲ್ಲಿ ಪಡೆಯುತ್ತೇನೆ. ಮನಸ್ಸು ಬದಲಾದರೆ ಪೂರ್ತಿ ಹಣ ಸಾಮಾನ್ಯವಾಗಿ ಬರುವುದಿಲ್ಲ. ಆ ಹಣ ಹೋದದ್ದೇ ಎಂದು ನಾನೂ ಹೆಂಡತಿಯೂ ಮನೆಯಲ್ಲೇ ತೀರ್ಮಾನಿಸಿರುತ್ತೇವೆ. ಬೋಟು ಹತ್ತುವ ಮೊದಲು ಇನ್‌ಸ್ಟ್ರಕ್ಟರ್ ಎದುರಿಗೇ, ಯಾವ ಗಳಿಗೆಯಲ್ಲಾದರೂ ವಾಪಸ್ ಬರಬಹುದು ಎಂದು ಮಕ್ಕಳಿಗೆ ಹೇಳುತ್ತೇವೆ. ಹೀಗೆ ಹೇಳಿದ್ದರಿಂದಲೋ ಏನೋ, ಕಳೆದ ಸಲ ಮಗ ಇಳಿಯಲಿಲ್ಲ. ಬೋಟಿನಂಚಿನಲ್ಲಿ ನನ್ನ ಪಕ್ಕ ಕೂತು ಅಕ್ಕನ ಗುಳ್ಳೆಗಳನ್ನು ಎಣಿಸಿದ, ಮುಂದಿನ ವರ್ಷ ನೋಡೋಣ ಎಂದ.