ಉಪ್ಪಿನ ಕೆರೆಯ ಜೀವಿ ಹೊಸದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಲೋಣಾರ್ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಲು ಉಪ್ಪಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕಾರಣವೆಂದು ಓದಿದ್ದೆ. ಅಂಥದೊಂದು ಜೀವಿ ಸಿಕ್ಕಾಗ, ಅದು ಹೊಸದೆಂದು ವಿಜ್ಞಾನಿಗಳು ಹೇಗೆ ನಿರ್ಧರಿಸುತ್ತಾರೆ?

ಉತ್ತರ: ನೀವು ಓದಿದ್ದು ನಿಜ. 2020ರ ಜೂನ್‌ನಲ್ಲಿ ಲೋಣಾರ್ ಬಣ್ಣ ಬದಲಿಸಿದಾಗ ಅದರ ನೀರನ್ನು ಪರೀಕ್ಷಿಸಿದ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ, ಇದು ಹ್ಯಾಲೋಆರ್ಕಿಯಾಗಳ ಕೆಲಸ ಎಂದಿತು. ಇವು ಬ್ಯಾಕ್ಟೀರಿಯಾದಂತೆ ಕಂಡರೂ ಆರ್ಕಿಯಾ ಎಂಬ ಬೇರೆಯೇ ವಂಶದವು.

ಹೊಸ ಜೀವಿಯ ಉದಾಹರಣೆಯೂ ಪುಣೆಯಲ್ಲೇ ಇದೆ. ಅಲ್ಲಿನ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದವರು ರಾಜಸ್ಥಾನದ ಸಾಂಭರ್ ಉಪ್ಪಿನ ಸರೋವರದಲ್ಲಿ ಸಿಕ್ಕ ಒಂದು ಆರ್ಕಿಯಾಕ್ಕೆ 'ನ್ಯಾಟ್ರಿಯಾಲ್ಬಾ ಸ್ವರೂಪಿಯೇ' ಎಂದು ಹೆಸರಿಟ್ಟರು. ಆಗ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದ ರೇಣು ಸ್ವರೂಪ್ ಅವರ ಗೌರವಾರ್ಥ ಇಟ್ಟ ಹೆಸರದು.

ಮೊದಲ ಸವಾಲು ಬೆಳೆಸುವುದು. ಸಮುದ್ರದ ನೀರಿನಲ್ಲಿ ಸುಮಾರು 3.5% ಉಪ್ಪಿದ್ದರೆ, ಇಂಥ ಅನೇಕ ಜೀವಿಗಳಿಗೆ 15ರಿಂದ 25% ಬೇಕು. ಸಿಹಿನೀರಿಗೆ ಹಾಕಿದರೆ ಬಹಳಷ್ಟರ ಕೋಶ ಒಡೆದೇ ಹೋಗುತ್ತದೆ. ಬೆಳವಣಿಗೆಯೂ ನಿಧಾನ, ವಾರಗಟ್ಟಲೆ ಕಾಯುವಾಗ ಅವನ್ನು ಬೆಳೆಸುವ ತಟ್ಟೆ ಒಣಗಿ ಉಪ್ಪು ಹರಳುಗಟ್ಟದಂತೆ ನೋಡಿಕೊಳ್ಳಬೇಕು. ಇಲ್ಲಿ ತಾಳ್ಮೆಯೇ ಅರ್ಧ ವಿಜ್ಞಾನ.

ಬೇರೆ ಯಾವುದೂ ಬೆರೆಯದ ಒಂದೇ ತಳಿ ಕೈಗೆ ಬಂದ ಮೇಲೆ, '16ಎಸ್' ಎಂಬ ಜೀನಿನ ಸುಮಾರು 1500 ಅಕ್ಷರಗಳನ್ನು ಓದಿ ಈಗಾಗಲೇ ಗೊತ್ತಿರುವ ಪ್ರಭೇದಗಳೊಂದಿಗೆ ಹೋಲಿಸುತ್ತಾರೆ. ಹೋಲಿಕೆ 98.7%ಗಿಂತ ಕಡಿಮೆಯಿದ್ದರೆ ಹೊಸದಿರಬಹುದೆಂಬ ಸುಳಿವು ಸಿಕ್ಕಂತೆ. ಆದರೆ ಉಪ್ಪಿನ ಜೀವಿಗಳಲ್ಲಿ ಈ ಸುಳಿವನ್ನೇ ನೆಚ್ಚಿಕೊಳ್ಳುವಂತಿಲ್ಲ. ಹ್ಯಾಲೋಆರ್ಕುಲಾ ಕುಲದಲ್ಲಿ ಒಂದೇ ಕೋಶದೊಳಗೆ ಈ ಜೀನಿನ ಹಲವು ಪ್ರತಿಗಳಿದ್ದು, ಅವುಗಳ ನಡುವೆಯೇ ಸುಮಾರು 5% ವ್ಯತ್ಯಾಸ ಕಂಡುಬಂದಿದೆ! ಹಾಗಾಗಿ ಇಡೀ ಜೀನೋಮನ್ನೇ ಓದುತ್ತಾರೆ. ಹತ್ತಿರದ ಸಂಬಂಧಿಯೊಂದಿಗೆ ಸರಾಸರಿ ಹೋಲಿಕೆ 95–96%ಗಿಂತ ಕೆಳಗಿದ್ದರೆ ಬೇರೆ ಪ್ರಭೇದವೆಂದು ಒಪ್ಪುತ್ತಾರೆ. ಕೋಶದ ಪೊರೆಯ ಕೊಬ್ಬು ಎಂಥದು, ಎಷ್ಟು ಉಪ್ಪು, ಶಾಖ, ಕ್ಷಾರವನ್ನು ತಾಳುತ್ತದೆ ಎಂಬುದನ್ನೂ ದಾಖಲಿಸುತ್ತಾರೆ.

ಇಷ್ಟಾದರೂ ಹೆಸರಿಗೆ ಮಾನ್ಯತೆ ಸಿಗದು. ಜೀವಂತ ತಳಿಯನ್ನು ಕನಿಷ್ಠ ಎರಡು ದೇಶಗಳ ಸಂಗ್ರಹಾಗಾರಗಳಲ್ಲಿ ಇರಿಸಲೇಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ನಿಯಮವೆನಿಸುತ್ತದೆ: ಅನುಮಾನ ಬಂದವರು ಅದನ್ನು ತರಿಸಿಕೊಂಡು ಮತ್ತೆ ಪರೀಕ್ಷಿಸಬಹುದು. ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ ಅಂಥದೊಂದು ಸಂಗ್ರಹಾಗಾರ.

ನೀವು ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದರೆ ಲೋಣಾರ್‌ವರೆಗೆ ಹೋಗಬೇಕಿಲ್ಲ. ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಆಗರದವರ ಒಪ್ಪಿಗೆ ಪಡೆದು, ನಿಮ್ಮ ಅಧ್ಯಾಪಕರೊಂದಿಗೆ ಅಲ್ಲಿಂದಲೇ ಶುರುಮಾಡಿ.