ಹಿಂಡಿಗಿಂತ ಮೊದಲು ನೀರು, ನೆರಳು

ಬೆಂಗಳೂರಿನ ಕೆಲಸ ಬಿಟ್ಟು ಬಂದು, ಸಾಲ ಮಾಡಿ ಎಚ್‌ಎಫ್ ಹಸು ಕಟ್ಟಿದ್ದೀಯ. ಒಳ್ಳೇದೇ ಆಯ್ತು ಮಗ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಾಲು ಇಳಿದ ಕೂಡಲೇ ಇನ್ನೊಂದು ಮೂಟೆ ಹಿಂಡಿ ತರೋಕೆ ಓಡಬೇಡ. ಮೊದಲು ಹಸುವಿನ ಮಗ್ಗುಲಲ್ಲಿ ಒಂದು ನಿಮಿಷ ನಿಂತ್ಕೊ.

ಮೊಬೈಲ್‌ನಲ್ಲಿ ಹೊತ್ತು ನೋಡ್ಕೊಂಡು, ಅದರ ಪಕ್ಕೆ ಏರಿ ಇಳಿಯೋದನ್ನ ಎಣಿಸು. ಸುಮ್ಮನೆ ನಿಂತ ಹಸು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡ್ತಿದ್ರೆ ಸೆಕೆಗೆ ಸೋತಿದೆ ಅಂತಲೇ ಲೆಕ್ಕ. ಬಾಯಿ ತೆರೆದು ಜೊಲ್ಲು ಸುರಿಸೋ ಹೊತ್ತಿಗೆ ಕೈ ಮೀರಿರುತ್ತೆ. ಮಲಗದೆ ನಿಂತೇ ಇರೋದು, ಮೆಲುಕು ಕಮ್ಮಿಯಾಗೋದು, ನೀರಿನ ತೊಟ್ಟಿ ಬಿಟ್ಟು ಕದಲದಿರೋದು ಅದಕ್ಕೂ ಮುಂಚಿನ ಗುರುತು.

ನಮ್ಮ ಹಳ್ಳಿಕಾರ್ ತಳಿಗೆ ಈ ಬಿಸಿಲು ಹುಟ್ಟಾ ಗೊತ್ತು. ಎಚ್‌ಎಫ್ ಮೂಲ ಹಾಲೆಂಡಿನ ಚಳಿ ಸೀಮೆಯದು, 25 ಡಿಗ್ರಿ ದಾಟಿದರೆ ಇರುಸುಮುರುಸು ಶುರು. ಮೇವು ಅರಗುವಾಗಲೂ ಹೊಟ್ಟೆಯೊಳಗೆ ಶಾಖ ಹುಟ್ಟುತ್ತೆ, ಅದಕ್ಕೇ ಬಿಸಿಲಲ್ಲಿ ತಾನಾಗಿ ಮೇವು ಬಿಡುತ್ತೆ. ಆಗ ಹಿಂಡಿ ಸುರಿದರೆ ಹುಲ್ಲು ಬಿಟ್ಟು ಅದನ್ನಷ್ಟೇ ತಿಂದು ಹೊಟ್ಟೆ ಹುಳಿಯಾಗಿ, ಡೈರಿಯಲ್ಲಿ ಫ್ಯಾಟ್ ಬೀಳುತ್ತೆ. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹೋಗೋ ಹಾಲಿಗೆ ಫ್ಯಾಟ್ ಮುಖ್ಯ ಅಂತ ನಿನಗೇನು ಹೇಳಿಕೊಡಬೇಕೆ! ರಾಗಿಹುಲ್ಲು ರಾತ್ರಿಗಿಡು, ಹಿಂಡಿ-ಬೂಸಾ ತಂಪು ಹೊತ್ತಲ್ಲಿ ಕೊಡು. ಕಬ್ಬಿನ ಸೋಗೆ ಪುಕ್ಕಟೆ ಸಿಗುತ್ತೆ ನಿಜ, ಅದೊಂದನ್ನೇ ನಂಬಿಕೊಂಡರೆ ಹಾಲು ಸಿಗಲ್ಲ.

ದಿನಕ್ಕೆರಡು ಸಲ ಬಕೆಟ್ ತೋರಿಸೋ ಪದ್ಧತಿ ಬಿಟ್ಟುಬಿಡು. ಲೀಟರ್ ಹಾಲಿಗೆ 4-5 ಲೀಟರ್ ನೀರು ಬೇಕು. ತೊಟ್ಟಿ ನೆರಳಲ್ಲಿರಲಿ, ಸದಾ ತುಂಬಿರಲಿ. ತಗಡಿನ ಸೂರಿಗೆ ತೆಂಗಿನ ಗರಿ ಹೊದಿಸು, ನಮ್ಮ ಸೀಮೇಲಿ ಅದಕ್ಕೇನು ಬರವೇ? ಮೈಗೆ ನೀರು ಎರಚೋಕೆ ಮಾತ್ರ ಆತುರಪಡಬೇಡ. ಮಳವಳ್ಳಿಯ ಬೆದ್ದಲು ಹೊಲದ ಕಡೆ ನೀರು ಬೇಗ ಆರುತ್ತೆ, ಹಸು ತಣ್ಣಗಾಗುತ್ತೆ. ಮಂಡ್ಯ, ಮದ್ದೂರಿನ ನಾಲೆ ಬಯಲಲ್ಲಿ ಸುತ್ತ ಕಬ್ಬು ಎದ್ದು ನಿಂತಿರುತ್ತೆ, ಗಾಳಿಯಾಡಲ್ಲ. ಅಲ್ಲಿ ಫ್ಯಾನ್ ಹಾಕದೆ ಎರಚಿದರೆ ಕೊಟ್ಟಿಗೆ ಕೆಸರಾಗಿ ಕೆಚ್ಚಲುಬಾವು ಬರೋದೊಂದೇ ಲಾಭ.

ಸೆಕೆಯಷ್ಟೇ ಅಲ್ಲ, ಹೆದರಿಕೆಯೂ ಹಾಲು ಕದಿಯುತ್ತೆ. ಕೆಚ್ಚಲು ತೊಳೆದು ನೇವರಿಸಿದರೆ ಹಸುವಿನ ಮೈಯಲ್ಲೇ ಆಕ್ಸಿಟೋಸಿನ್ ಹುಟ್ಟಿ ಸೊರೆ ಬಿಡುತ್ತೆ. ಅದರ ಬಲ ಐದಾರು ನಿಮಿಷ ಅಷ್ಟೆ. ಅಷ್ಟರಲ್ಲಿ ನೀನು ದೊಣ್ಣೆ ಎತ್ತಿದರೆ, ಕೂಗಾಡಿದರೆ ಹಾಲು ಒಳಗೇ ಉಳಿಯುತ್ತೆ. (ಸ್ಪೀಕರ್ ಕಟ್ಟಿಕೊಂಡು ಹೋಗೋ ಕಬ್ಬಿನ ಟ್ರ್ಯಾಕ್ಟರಿನವರಿಗೆ ಇದನ್ನ ಯಾರು ಹೇಳ್ತಾರೋ!) ಸೊರೆ ಬಿಡಿಸೋಕೆ ಇಂಜೆಕ್ಷನ್ ಚುಚ್ಚೋರ ಮಾತು ಕೇಳಬೇಡ, ಅದು ಕಾನೂನಿನ ಪ್ರಕಾರ ಅಪರಾಧ.

ನೀರು, ನೆರಳು ಕೊಟ್ಟ ಮೇಲೂ ಏದುಸಿರು ನಿಲ್ಲದಿದ್ದರೆ ಮೈ ಬಿಸಿ ಅಳತೆ ಮಾಡು. 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಹಜ. 103 ದಾಟಿದ್ದರೆ ನಾಟಿ ಮದ್ದು ಹುಡುಕ್ತಾ ಕೂರದೆ 1962ಕ್ಕೆ ಫೋನ್ ಮಾಡು. ಪಶು ಸಂಜೀವಿನಿ ಗಾಡಿ ಕೊಟ್ಟಿಗೆ ಬಾಗಿಲಿಗೇ ಬರುತ್ತೆ.